ಸ್ವಂತ ಸಂಗ್ರಹದಿಂದ ಚೀಟಿ ಎತ್ತಿ ಹಾಡುಗಳಿಗೆ ರೇಟಿಂಗ್ ಕೊಡುವುದು: ಸಮಗ್ರ ಮಾರ್ಗದರ್ಶಿ

ವರ್ಷಗಟ್ಟಲೆ ಕೂಡಿಸಿದ ಹಾಡುಗಳು ಎರಡು ಮೂರು ಸಾವಿರ ದಾಟಿದವೆಂದರೆ ಸಂಗ್ರಹ ಕೈತಪ್ಪಿತೆಂದೇ ಲೆಕ್ಕ. ಕೇಳುವುದು ಅದೇ ನೂರಿನ್ನೂರು. ಮಿಕ್ಕವು ಇವೆ ಎನ್ನುವುದೇ ಮರೆತಿರುತ್ತದೆ. ಒಂದು ತುದಿಯಿಂದ ಶುರುಮಾಡಿ ಎಲ್ಲಕ್ಕೂ ಸ್ಟಾರ್ ಹಾಕಿಬಿಡೋಣವೆಂದು ಕೂತವರು ಸಾಮಾನ್ಯವಾಗಿ ಮೂರನೆಯದೋ ನಾಲ್ಕನೆಯದೋ ಆಲ್ಬಮ್‌ಗೆ ಬೇಸತ್ತು ಎದ್ದುಬಿಡುತ್ತಾರೆ. ಅದು ಸೋಮಾರಿತನವಲ್ಲ. ಒಬ್ಬರದೇ ದನಿ, ಒಂದೇ ಧಾಟಿಯ ಹನ್ನೆರಡು ಹಾಡು ಸಾಲಾಗಿ ಬಂದರೆ ಕಿವಿಗೆ ವ್ಯತ್ಯಾಸ ಸಿಗುವುದಿಲ್ಲ, ಎಲ್ಲಕ್ಕೂ ಮೂರೋ ನಾಲ್ಕೋ ಬೀಳುತ್ತದೆ, ಅಂಕಕ್ಕೆ ಅರ್ಥವೇ ಉಳಿಯುವುದಿಲ್ಲ.

ಇದಕ್ಕಿಂತ ಸಲೀಸಾದ ದಾರಿ ಇದೆ. ಇಡೀ ಸಂಗ್ರಹದಿಂದ ಚೀಟಿ ಎತ್ತಿದ ಹಾಗೆ 25 ಹಾಡು ತೆಗೆಯುವುದು, ಅಷ್ಟಕ್ಕೆ ಮಾತ್ರ ಗಮನವಿಟ್ಟು ಅಂಕ ಹಾಕುವುದು, ಆಮೇಲೆ ಮುಂದಿನ 25. ಇದರಲ್ಲಿ ಎರಡು ವಿಷಯ ಕಟ್ಟುನಿಟ್ಟಾಗಿರಬೇಕು. ಹಾಡು ಆರಿಸುವಾಗ ನಿಮ್ಮ ಇಷ್ಟಾನಿಷ್ಟ ನಡುವೆ ಬರಬಾರದು; ಇವತ್ತು ಹಾಕಿದ 4 ಮುಂದಿನ ತಿಂಗಳೂ ಅದೇ 4 ಆಗಿರಬೇಕು. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಎರಡಕ್ಕಾಗಿಯೇ.

ಬೇಕಾಗುವ ಸಾಮಾನು ಕಡಿಮೆ: ರೇಟಿಂಗ್ ಸೌಲಭ್ಯವಿರುವ ಒಂದು ಪ್ಲೇಯರ್, ಒಂದು ಸ್ಪ್ರೆಡ್‌ಶೀಟ್ ಅಥವಾ ಗೆರೆ ಹಾಕಿದ ನೋಟ್‌ಬುಕ್, ಕೊನೆಯವರೆಗೂ ಬದಲಿಸದ ಒಂದು ಹೆಡ್‌ಫೋನ್ ಅಥವಾ ಸ್ಪೀಕರ್ ಜೋಡಿ. ಹಾಡೊಂದಕ್ಕೆ ಸರಾಸರಿ ನಾಲ್ಕೂವರೆ ನಿಮಿಷ ಹಿಡಿದರೆ 25 ಹಾಡಿಗೆ ಹತ್ತಿರ ಹತ್ತಿರ 112 ನಿಮಿಷ. ಅದನ್ನು ಒಂದೇ ಸಲ ಮುಗಿಸಲು ಹೋಗಬೇಡಿ. 13 ಮತ್ತು 12 ಎಂದು ಎರಡು ಬೈಠಕ್ ಮಾಡಿ. ಒಂದು ಗಂಟೆ ಮೀರಿದ ಮೇಲೆ ಕಿವಿ ದಣಿದಿರುತ್ತದೆ, ಆಗ ಒಳ್ಳೆಯ ಹಾಡಿಗೂ ಕಡಿಮೆ ಅಂಕ ಬೀಳುತ್ತದೆ.

ಯಾತಕ್ಕೆ ಅಂಕ ಎಂದು ಮೊದಲು ತೀರ್ಮಾನಿಸಿ

ಒಬ್ಬರಿಗೆ ತಮ್ಮ ಸಂಗ್ರಹದಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂದು ತಿಳಿಯಬೇಕು. ಇನ್ನೊಬ್ಬರಿಗೆ ಮರೆತ ಹಾಡುಗಳನ್ನು ಹೊರತೆಗೆದು ಪ್ಲೇಲಿಸ್ಟ್ ಮಾಡಬೇಕು. ಮತ್ತೊಬ್ಬರಿಗೆ ಫೋನಿನಲ್ಲಿ ಜಾಗ ಸಾಲದೆ ಒಂದಷ್ಟನ್ನು ತೆಗೆದುಹಾಕಬೇಕು. ಮೊದಲನೆಯ ಉದ್ದೇಶಕ್ಕೆ ಶುದ್ಧ ಚೀಟಿಯೇ ಬೇಕು. ಪ್ರತಿ ಹಾಡಿಗೂ ಸಮಾನ ಅವಕಾಶ. ಸಂಗ್ರಹದ ಶೇಕಡಾ 40 ಒಬ್ಬರೇ ಸಂಗೀತ ನಿರ್ದೇಶಕರದಾಗಿದ್ದರೆ 25ರಲ್ಲಿ ಹತ್ತರ ಆಸುಪಾಸು ಅವರದೇ ಬರುತ್ತದೆ, ಬರಲೇಬೇಕು. ಉಳಿದೆರಡು ಉದ್ದೇಶಗಳಿಗೆ ‘ಒಬ್ಬ ಕಲಾವಿದರಿಂದ ಎರಡೇ ಹಾಡು’ ಎಂಬಂಥ ಮಿತಿ ಹಾಕಬಹುದು, ಕೇಳುವುದಕ್ಕೂ ಹಿತ. ಆದರೆ ಮಿತಿ ಹಾಕಿ ತೆಗೆದ ಹಾಡುಗಳ ಅಂಕ ನೋಡಿ ಇಡೀ ಸಂಗ್ರಹದ ಬಗ್ಗೆ ತೀರ್ಪು ಕೊಡಬೇಡಿ.

ಚೀಟಿಗೆ ಹಾಕುವ ಮುನ್ನ

ಪಟ್ಟಿಯಲ್ಲಿ ಹಾಡಲ್ಲದ್ದು ಬಹಳ ಇರುತ್ತದೆ. ಒಂದು ನಿಮಿಷಕ್ಕಿಂತ ಚಿಕ್ಕ ಟ್ರ್ಯಾಕ್‌ಗಳು (ಮುನ್ನುಡಿ, ಸಂಭಾಷಣೆ, ರಿಂಗ್‌ಟೋನ್), ಆಡಿಯೋ ಪುಸ್ತಕ, ಪಾಡ್‌ಕಾಸ್ಟ್, ವಾಟ್ಸ್‌ಆಪ್‌ನಲ್ಲಿ ಬಂದ ದನಿ ಸಂದೇಶ ಇವನ್ನೆಲ್ಲ ಅವಧಿಯ ಪ್ರಕಾರ ಪಟ್ಟಿ ಜೋಡಿಸಿಕೊಂಡರೆ ಹತ್ತು ನಿಮಿಷದಲ್ಲಿ ಬೇರೆ ಮಾಡಬಹುದು. ಅದೇ ಪಟ್ಟಿಯ ಇನ್ನೊಂದು ತುದಿಯಲ್ಲಿ ಹತ್ತು ಹನ್ನೆರಡು ನಿಮಿಷ ಮೀರಿದವು ಸಿಗುತ್ತವೆ: ರಾಗ ವಿಸ್ತಾರ, ಪೂರ್ಣ ಕಛೇರಿಯ ಧ್ವನಿಮುದ್ರಣ, ಸಿಂಫನಿಯ ಭಾಗಗಳು. ಇವನ್ನು ಮೂರು ನಿಮಿಷದ ಹಾಡುಗಳ ಜೊತೆ ಕಲಸಬೇಡಿ. ಅವಕ್ಕೆ ಬೇರೆ ಚೀಟಿ, ಬೇರೆ ದಿನ. ಆಲಾಪನೆ ಬಿರಿಯುವುದಕ್ಕೆ ಮೊದಲೇ ಮುಂದಿನ ಹಾಡಿಗೆ ಕಾಯುವ ಮನಸ್ಸು ಅದಕ್ಕೆ ನ್ಯಾಯ ಮಾಡಲಾರದು.

ನಕಲುಗಳು ದೊಡ್ಡ ತೊಡಕು. ಒಂದೇ ಹಾಡು ಮೂಲ ಆಲ್ಬಮ್‌ನಲ್ಲೊಂದು, ‘ಹಿಟ್ಸ್’ ಸಂಗ್ರಹದಲ್ಲೊಂದು, ಹಳೆಯ ಫೋನಿಂದ ತಂದ ಫೋಲ್ಡರಿನಲ್ಲೊಂದು ಇದ್ದರೆ ಅದಕ್ಕೆ ಮೂರು ಚೀಟಿ ಬಿದ್ದಂತಾಯಿತು. ಹೆಸರಿನ ಪ್ರಕಾರ ಜೋಡಿಸಿ, ಅವಧಿ ಎರಡು ಮೂರು ಸೆಕೆಂಡಿನ ಒಳಗೆ ಹೊಂದಿದರೆ ಒಂದನ್ನಿಟ್ಟುಕೊಂಡು ಮಿಕ್ಕವನ್ನು ಪಟ್ಟಿಯಿಂದ ಕೈಬಿಡಿ. ಉಳಿಸಿಕೊಳ್ಳುವಾಗ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ದತ್ತಾಂಶ ಎಂಬ ಅಳತೆ) ನೋಡಿ: 128 ಕೆಬಿಪಿಎಸ್ ಮತ್ತು 320 ಕೆಬಿಪಿಎಸ್ ಎರಡೂ ಇದ್ದರೆ ಸಾಮಾನ್ಯವಾಗಿ ಎರಡನೆಯದು. ‘ಸಾಮಾನ್ಯವಾಗಿ’ ಎಂದದ್ದಕ್ಕೆ ಕಾರಣವಿದೆ: 128ರ ಫೈಲನ್ನೇ 320ಕ್ಕೆ ಮರುಪರಿವರ್ತಿಸಿದರೆ ಗಾತ್ರ ಹಿಗ್ಗುತ್ತದೆ ಅಷ್ಟೇ, ಹೋದ ನಾದ ವಾಪಸು ಬರುವುದಿಲ್ಲ. ಅನುಮಾನ ಬಂದರೆ ತಾಳದ, ಗೆಜ್ಜೆಯ ಸದ್ದು ಎರಡರಲ್ಲೂ ಕೇಳಿ ನೋಡಿ. ಕಳಪೆ ಪ್ರತಿಯಲ್ಲಿ ಅದು ನೀರಿನೊಳಗಿಂದ ಬಂದಂತಿರುತ್ತದೆ. ನೇರ ಕಛೇರಿಯ ಆವೃತ್ತಿ ಮತ್ತು ಸ್ಟುಡಿಯೋ ಆವೃತ್ತಿ ನಕಲುಗಳಲ್ಲ, ಎರಡೂ ಇರಲಿ.

ಟ್ಯಾಗ್ (ಫೈಲಿನೊಳಗೆ ಬರೆದಿಡುವ ಹಾಡಿನ ಹೆಸರು, ಕಲಾವಿದರು ಮುಂತಾದ ವಿವರ) ಇಲ್ಲದ ‘ಟ್ರ್ಯಾಕ್ 07’ ಜಾತಿಯ ಫೈಲುಗಳನ್ನು ಈಗಲೇ ಸರಿಮಾಡಿಕೊಳ್ಳಿ. ಮ್ಯೂಸಿಕ್‌ಬ್ರೈನ್ಸ್ ಪಿಕಾರ್ಡ್ ಎಂಬ ತಂತ್ರಾಂಶ ದನಿ ಗುರುತಿನಿಂದ ಹೆಸರು ಹುಡುಕಿ ಕೊಡುತ್ತದೆ. ಕೈಯಿಂದ ತಿದ್ದುವುದಕ್ಕೆ ಎಂಪಿ3ಟ್ಯಾಗ್ ಒಳ್ಳೆಯದು. ರೇಟಿಂಗ್ ಹಾಕಿಯಾದ ಮೇಲೆ ಟ್ಯಾಗ್ ತಿದ್ದಿದರೆ ಕೆಲವು ಪ್ಲೇಯರ್‌ಗಳಲ್ಲಿ ರೇಟಿಂಗೇ ಮಾಯವಾಗುತ್ತದೆ. ಕಾರಣ ಮುಂದೆ ಬರುತ್ತದೆ.

ಚೀಟಿ ಎತ್ತುವ ಬಗೆ

ಹಲವರು ಎಡವುವುದು ಇಲ್ಲೇ. ‘ರ‍್ಯಾಂಡಮ್’ ಮತ್ತು ‘ಷಫಲ್’ ಒಂದೇ ಅಲ್ಲ. ಶುದ್ಧ ರ‍್ಯಾಂಡಮ್ ಎಂದರೆ ಪ್ರತಿ ಸಲವೂ ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿ ಕಲಸಿ ಇನ್ನೊಂದು ಎತ್ತುವುದು. 500 ಹಾಡಿನ ಸಂಗ್ರಹದಿಂದ ಹೀಗೆ 25 ಸಲ ಎತ್ತಿದರೆ ಯಾವುದಾದರೂ ಒಂದು ಹಾಡು ಎರಡು ಸಲ ಬರುವ ಸಂಭವ ಶೇಕಡಾ 46ರಷ್ಟಿದೆ. ಷಫಲ್ ಎಂದರೆ ಇಡೀ ಪಟ್ಟಿಯನ್ನು ಒಮ್ಮೆ ಕಲಸಿ ಮೇಲಿಂದ ಒಂದೊಂದೇ ತೆಗೆಯುವುದು, ಹಾಡು ಮರುಕಳಿಸುವುದಿಲ್ಲ. ರೊನಾಲ್ಡ್ ಫಿಶರ್ ಮತ್ತು ಫ್ರ್ಯಾಂಕ್ ಯೇಟ್ಸ್ 1938ರಲ್ಲಿ ಕೊಟ್ಟ ವಿಧಾನ ಇದೇ. ಕಂಪ್ಯೂಟರಿಗೆ ಒಪ್ಪುವ ಅದರ ರೂಪವನ್ನು ರಿಚರ್ಡ್ ಡರ್ಸ್ಟೆನ್‌ಫೆಲ್ಡ್ 1964ರಲ್ಲಿ ಪ್ರಕಟಿಸಿದರು. ನಮಗೆ ಬೇಕಾದದ್ದು ಷಫಲ್.

ಆದರೆ ಪ್ಲೇಯರಿನ ಷಫಲ್ ಬಟನ್ ಒತ್ತಿ ಕೂರುವುದೂ ಯಾವಾಗಲೂ ಸರಿಯಲ್ಲ. ನಿಜವಾದ ಷಫಲ್‌ನಲ್ಲಿ ಒಬ್ಬರದೇ ಮೂರು ಹಾಡು ಒಟ್ಟಿಗೆ ಬರಬಹುದು, ಅದು ಕೇಳುಗರಿಗೆ ‘ಕಲಸಿಯೇ ಇಲ್ಲ’ ಎನ್ನಿಸುತ್ತದೆ. ಈ ದೂರಿಗಾಗಿಯೇ ಸ್ಪಾಟಿಫೈ 2014ರಲ್ಲಿ ತನ್ನ ಕ್ರಮ ಬದಲಿಸಿ ಒಬ್ಬ ಕಲಾವಿದರ ಹಾಡುಗಳನ್ನು ದೂರ ದೂರ ಹರಡುವಂತೆ ಮಾಡಿತು. ಕೆಲವು ಪ್ಲೇಯರ್‌ಗಳು ಹೆಚ್ಚು ಸ್ಟಾರ್ ಇರುವ ಹಾಡನ್ನೇ ಹೆಚ್ಚು ಸಲ ಎತ್ತುತ್ತವೆ. ಅಂಕವಿಲ್ಲದ ಹಾಡುಗಳನ್ನು ಹುಡುಕುವ ನಮ್ಮ ಕೆಲಸಕ್ಕೆ ಅದು ನೇರ ವಿರುದ್ಧ. ಆ ಆಯ್ಕೆ ಇದ್ದರೆ ಆಫ್ ಮಾಡಿಬಿಡಿ. ಇನ್ನೂ ಒಂದು ಅಪಾಯ: ಷಫಲ್ ಹಾಕಿ ಕೂತಾಗ ‘ಇದು ಬೇಡ’ ಎಂದು ಬೆರಳು ಸ್ಕಿಪ್ ಒತ್ತುತ್ತದೆ. ಒತ್ತಿದ ಕ್ಷಣವೇ ಚೀಟಿ ನಿಮ್ಮ ಆಯ್ಕೆಯಾಗಿಬಿಟ್ಟಿತು.

ಹಾಗಾಗಿ ಕೇಳುವುದಕ್ಕೆ ಮೊದಲೇ 25ನ್ನು ತೆಗೆದು, ಪಟ್ಟಿಯನ್ನು ಗಟ್ಟಿಮಾಡಿ.

1. ಎಂಪಿ3ಟ್ಯಾಗ್‌ನ ಎಕ್ಸ್‌ಪೋರ್ಟ್ ಮೂಲಕ ಇಡೀ ಸಂಗ್ರಹದ ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ ತೆಗೆಯಿರಿ. ಹೆಸರು, ಕಲಾವಿದರು, ಅವಧಿ, ಫೈಲಿನ ವಿಳಾಸ ಇಷ್ಟಿದ್ದರೆ ಸಾಕು.
2. ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಖಾಲಿ ಕಾಲಮ್ಮಿನಲ್ಲಿ ‘ರ‍್ಯಾಂಡ್’ ಫಂಕ್ಷನ್ ಹಾಕಿ ಕೊನೆಯ ಸಾಲಿನವರೆಗೆ ಎಳೆಯಿರಿ. ಪ್ರತಿ ಹಾಡಿನ ಮುಂದೆ ಸೊನ್ನೆ ಮತ್ತು ಒಂದರ ನಡುವಿನ ಒಂದು ದಶಮಾಂಶ ಬರುತ್ತದೆ.
3. ಆ ಕಾಲಮ್ಮನ್ನು ನಕಲಿಸಿ, ಅಲ್ಲೇ ‘ಮೌಲ್ಯ ಮಾತ್ರ’ (ಪೇಸ್ಟ್ ವ್ಯಾಲ್ಯೂಸ್) ಎಂದು ಅಂಟಿಸಿ. ಇದನ್ನು ಬಿಟ್ಟರೆ ಹಾಳೆಯಲ್ಲಿ ಏನು ತಿದ್ದಿದರೂ ಸಂಖ್ಯೆಗಳೆಲ್ಲ ಹೊಸದಾಗುತ್ತವೆ. ನಾಳೆ ಪಟ್ಟಿಯನ್ನು ಮತ್ತೆ ಜೋಡಿಸಿದರೆ ಬೇರೆಯೇ 25 ಮೇಲೆ ಬರುತ್ತವೆ.
4. ಆ ಸಂಖ್ಯೆಯ ಪ್ರಕಾರ ಇಡೀ ಪಟ್ಟಿ ಜೋಡಿಸಿ. ಮೇಲಿನ 25 ಮೊದಲ ಕಂತು, ಮುಂದಿನ 25 ಎರಡನೆಯದು. ಒಮ್ಮೆ ಕಲಸಿದ್ದು ಸಂಗ್ರಹ ಮುಗಿಯುವ ತನಕ ಸಾಕು.

ಸ್ಪ್ರೆಡ್‌ಶೀಟ್ ಬೇಡವೆನ್ನುವವರು ಪ್ಲೇಯರ್‌ನಲ್ಲೇ ತಾನಾಗಿ ತುಂಬುವ ಪ್ಲೇಲಿಸ್ಟ್ ಮಾಡಬಹುದು. ಆಪಲ್ ಮ್ಯೂಸಿಕ್‌ನಲ್ಲಿ ಸ್ಮಾರ್ಟ್ ಪ್ಲೇಲಿಸ್ಟ್, ಮ್ಯೂಸಿಕ್‌ಬೀಯಲ್ಲಿ ಆಟೋ ಪ್ಲೇಲಿಸ್ಟ್, ಫೂಬಾರ್2000ದಲ್ಲೂ ಅಂಥದ್ದೇ ಒಂದು ಸಿಗುತ್ತದೆ. ನಿಯಮ: ರೇಟಿಂಗ್ ಇಲ್ಲದವು, ಒಂದು ನಿಮಿಷಕ್ಕಿಂತ ಉದ್ದದವು, 25ಕ್ಕೆ ಮಿತಿ, ಆಯ್ಕೆ ರ‍್ಯಾಂಡಮ್. ಆಪಲ್ ಮ್ಯೂಸಿಕ್‌ನಲ್ಲಿ ‘ಲೈವ್ ಅಪ್‌ಡೇಟಿಂಗ್’ ಗುರುತನ್ನು ತೆಗೆಯಲೇಬೇಕು. ಅದು ಇದ್ದರೆ ಒಂದು ಹಾಡಿಗೆ ಸ್ಟಾರ್ ಹಾಕಿದ ತಕ್ಷಣ ಆ ಹಾಡು ಪಟ್ಟಿಯಿಂದ ಜಾರಿ ಹೊಸದೊಂದು ಬಂದು ಕೂರುತ್ತದೆ, ಎಷ್ಟಾಯಿತೆಂಬ ಲೆಕ್ಕ ತಪ್ಪುತ್ತದೆ.

ಸಂಗ್ರಹ ಸಿಡಿ, ಕ್ಯಾಸೆಟ್, ಎಲ್‌ಪಿಗಳಲ್ಲಿದ್ದರೆ ಒಂದು ಎಚ್ಚರಿಕೆ. ಮೊದಲು ಡಿಸ್ಕ್ ಚೀಟಿ, ಆಮೇಲೆ ಆ ಡಿಸ್ಕಿನ ಹಾಡಿನ ಚೀಟಿ ಎತ್ತುವುದು ಸಹಜವೆನಿಸಿದರೂ ತಪ್ಪು. ನಾಲ್ಕು ಹಾಡಿನದೊಂದು, ಇಪ್ಪತ್ತು ಹಾಡಿನದೊಂದು ಡಿಸ್ಕ್ ಇದ್ದರೆ ಮೊದಲಿನದರ ಪ್ರತಿ ಹಾಡಿಗೆ 8ರಲ್ಲಿ ಒಂದು ಅವಕಾಶ, ಎರಡನೆಯದರದಕ್ಕೆ 40ರಲ್ಲಿ ಒಂದು. ಐದು ಪಟ್ಟು ವ್ಯತ್ಯಾಸ. ಬದಲಿಗೆ ಎಲ್ಲ ಹಾಡಿಗೂ ಸಾಲು ಸಂಖ್ಯೆ ಕೊಡಿ: ಮೊದಲ ಸಿಡಿ 1ರಿಂದ 12, ಎರಡನೆಯದು 13ರಿಂದ 22, ಹೀಗೆ. 17 ಬಂದರೆ ಎರಡನೇ ಸಿಡಿಯ ಐದನೇ ಹಾಡು.

ಸದ್ದಿನ ಮಟ್ಟ ಸಮ ಮಾಡಿ

ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ. ಎರಡು ಹಾಡುಗಳಲ್ಲಿ ತುಸು ಜೋರಾಗಿರುವುದು ಕಿವಿಗೆ ‘ಚೆನ್ನಾಗಿದೆ’ ಎಂದೇ ಕೇಳುತ್ತದೆ, ಸದ್ದು ಹೆಚ್ಚೆಂದು ಗೊತ್ತಾಗುವುದೇ ಇಲ್ಲ. ಹಳೆಯ ಮುದ್ರಣಗಳು ಮೆಲ್ಲಗಿರುತ್ತವೆ. ತೊಂಬತ್ತರ ದಶಕದಿಂದೀಚೆಗಿನ ಬಹಳಷ್ಟು ಹಾಡುಗಳನ್ನು ಮಾಸ್ಟರಿಂಗ್‌ನಲ್ಲಿ (ಬಿಡುಗಡೆಗೆ ಮುನ್ನ ಧ್ವನಿಯನ್ನು ಕೊನೆಯದಾಗಿ ಹದಗೊಳಿಸುವಾಗ) ಒತ್ತಿ ಜೋರು ಮಾಡಿರುತ್ತಾರೆ. ಎರಡನ್ನೂ ಕಲಸಿ ಕೇಳಿದರೆ ಹಳೆಯದಕ್ಕೆ ಅನ್ಯಾಯ.

ಪರಿಹಾರ ರೀಪ್ಲೇಗೇನ್. 2001ರಲ್ಲಿ ಡೇವಿಡ್ ರಾಬಿನ್ಸನ್ ಮುಂದಿಟ್ಟ ಪದ್ಧತಿ ಇದು. ಪ್ಲೇಯರ್ ಪ್ರತಿ ಫೈಲನ್ನೂ ಅಳೆದು, ಇಷ್ಟು ಡೆಸಿಬೆಲ್ ಏರಿಸು ಅಥವಾ ಇಳಿಸು ಎಂದು ಟ್ಯಾಗ್‌ನಲ್ಲಿ ಬರೆದಿಡುತ್ತದೆ. ಮೂಲ ಧ್ವನಿಯನ್ನು ಮುಟ್ಟುವುದಿಲ್ಲ. ಫೂಬಾರ್2000, ಮ್ಯೂಸಿಕ್‌ಬೀ ಎರಡರಲ್ಲೂ ಇದೆ. ಆಪಲ್‌ನವರ ಇದೇ ಬಗೆಯ ಸೌಲಭ್ಯದ ಹೆಸರು ಸೌಂಡ್ ಚೆಕ್. 25 ಹಾಡನ್ನೂ ಆರಿಸಿ ಸ್ಕ್ಯಾನ್ ಮಾಡಿ, ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿ ‘ಟ್ರ್ಯಾಕ್’ ಮೋಡ್ ಇಡಿ. ‘ಆಲ್ಬಮ್’ ಮೋಡ್ ಒಂದು ಆಲ್ಬಮ್‌ನೊಳಗಿನ ಏರಿಳಿತವನ್ನು ಹಾಗೇ ಉಳಿಸುತ್ತದೆ. ಆಲ್ಬಮ್ ಪೂರ್ತಿ ಕೇಳುವಾಗ ಅದು ಸರಿ, ಚೀಟಿ ಎತ್ತಿದ ಹಾಡುಗಳಿಗೆ ಅಲ್ಲ. ಮೆಲ್ಲಗಿನ ಹಾಡನ್ನು ಏರಿಸುವಾಗ ಸದ್ದು ಒಡೆಯದಂತೆ ‘ಕ್ಲಿಪ್ಪಿಂಗ್ ತಡೆ’ ಇದ್ದರೆ ಹಾಕಿ. ಜೊತೆಗೆ ಈಕ್ವಲೈಸರ್, ಬಾಸ್ ಬೂಸ್ಟ್, ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಆರಂಭದೊಂದಿಗೆ ಬೆರೆಸುವುದು) ಮೂರನ್ನೂ ಆಫ್ ಮಾಡಿ. ಕ್ರಾಸ್‌ಫೇಡ್ ಹಾಡಿನ ಕೊನೆಯನ್ನು ನುಂಗುತ್ತದೆ, ಎಷ್ಟೋ ಹಾಡಿನ ಜೀವ ಆ ಕೊನೆಯ ಹತ್ತು ಸೆಕೆಂಡಿನಲ್ಲೇ ಇರುತ್ತದೆ.

ಅಳತೆಗೋಲು

‘ಅದ್ಭುತ’, ‘ಉತ್ತಮ’, ‘ಸಾಧಾರಣ’ ಎಂಬ ಪದಗಳ ಮೇಲೆ ಅಂಕ ಕಟ್ಟಬೇಡಿ. ಮನಸ್ಸು ಚೆನ್ನಾಗಿರುವ ದಿನ ಎಲ್ಲವೂ ಉತ್ತಮವೇ. ಆ ಹಾಡು ಬಂದಾಗ ನೀವು ಏನು ಮಾಡುತ್ತೀರಿ ಎಂಬುದರ ಮೇಲೆ ಕಟ್ಟಿ:

5: ಕೈಲಿದ್ದ ಕೆಲಸ ನಿಂತುಹೋಗುತ್ತದೆ, ಮುಗಿದ ಮೇಲೆ ಇನ್ನೊಮ್ಮೆ ಹಾಕಬೇಕೆನಿಸುತ್ತದೆ.
4: ತಾನಾಗಿ ಬಂದರೆ ಖುಷಿ, ನಾನಾಗಿಯೂ ಹುಡುಕಿ ಹಾಕಿಕೊಳ್ಳುತ್ತೇನೆ.
3: ಬಂದರೆ ಬರಲಿ, ಕೇಳುತ್ತೇನೆ, ಹುಡುಕಿ ಹಾಕುವುದಿಲ್ಲ.
2: ಕೈ ಸ್ಕಿಪ್ ಕಡೆ ಹೋಗುತ್ತದೆ, ಆದರೂ ಇಟ್ಟುಕೊಳ್ಳಲು ಒಂದು ಕಾರಣವಿದೆ.
1: ಇದು ನನ್ನ ಸಂಗ್ರಹದಲ್ಲಿ ಯಾಕಿದೆಯೋ ಗೊತ್ತಿಲ್ಲ.

ಸೊನ್ನೆಯನ್ನು ಅಂಕವಾಗಿ ಬಳಸಲೇಬೇಡಿ. ಬಹುತೇಕ ಪ್ಲೇಯರ್‌ಗಳಲ್ಲಿ ಸೊನ್ನೆ ಎಂದರೆ ‘ಇನ್ನೂ ಅಂಕ ಹಾಕಿಲ್ಲ’. ಅತಿ ಕೆಟ್ಟ ಹಾಡೇ ಮತ್ತೆ ಮತ್ತೆ ಚೀಟಿಯಲ್ಲಿ ಬರುತ್ತದೆ.

ಎಲ್ಲವೂ ನೀವೇ ಆರಿಸಿ ತಂದ ಹಾಡುಗಳಾದ್ದರಿಂದ 3 ಮತ್ತು 4ರಲ್ಲಿ ಗುಂಪು ಸೇರುವುದು ಸಹಜ. ಆದರೆ 25ರಲ್ಲಿ 13ಕ್ಕಿಂತ ಹೆಚ್ಚು 4 ಬಿದ್ದರೆ ಅಳತೆಗೋಲು ಸಡಿಲವಾಗಿದೆ. ಆಗ ಪ್ರತಿ 4ಕ್ಕೂ ಒಂದೇ ಪ್ರಶ್ನೆ ಕೇಳಿ: ಕಳೆದ ವರ್ಷ ಇದನ್ನು ನಾನಾಗಿ ಹುಡುಕಿ ಹಾಕಿದ್ದುಂಟೇ, ಅಥವಾ ಮುಂದಿನ ವಾರ ಹಾಕುತ್ತೇನೆಯೇ? ಎರಡಕ್ಕೂ ‘ಇಲ್ಲ’ ಎಂದಾದರೆ ಅದು 3. ಅರ್ಧ ಸ್ಟಾರ್ ಬೇಕೆನ್ನುವವರಿಗೆ ನಮ್ಮ ಸಲಹೆ, ಮೊದಲ ನೂರು ಹಾಡಿನವರೆಗೆ ಬೇಡ. ಮೂರಕ್ಕೂ ಮೂರೂವರೆಗೂ ನಡುವಿನ ಗೆರೆ ದಿನದಿನಕ್ಕೆ ಸರಿಯುತ್ತದೆ.

ಸಾಹಿತ್ಯಕ್ಕೆ ಇಷ್ಟು, ಗಾಯನಕ್ಕೆ ಇಷ್ಟು, ವಾದ್ಯಕ್ಕೆ ಇಷ್ಟು ಎಂದು ಬಿಡಿಸಿ ಸರಾಸರಿ ತೆಗೆಯುವುದು ನ್ಯಾಯವಾಗಿ ಕಂಡರೂ ಫಲ ಚೆನ್ನಾಗಿರುವುದಿಲ್ಲ. ಯಾವುದರಲ್ಲೂ ಕುಂದಿಲ್ಲದ, ಎಲ್ಲೂ ಮನಸ್ಸು ತಟ್ಟದ ಹಾಡು ಸರಾಸರಿಯಲ್ಲಿ ಮೇಲೆ ಬರುತ್ತದೆ. ಸಾಹಿತ್ಯ ಪೇಲವವಾಗಿದ್ದೂ ದನಿಯೊಂದರಿಂದಲೇ ಮೈ ನವಿರೇಳಿಸುವ ಹಾಡು ಕೆಳಗಿಳಿಯುತ್ತದೆ. ಒಟ್ಟು ಅಂಕ ಒಂದೇ ಇರಲಿ, ಕಾರಣವನ್ನು ಪಕ್ಕದಲ್ಲಿ ಮಾತಿನಲ್ಲಿ ಬರೆಯಿರಿ. ಬೇರೆ ಕಾಲಮ್ ಬೇಕಾದದ್ದು ಒಂದಕ್ಕೇ: ಧ್ವನಿಮುದ್ರಣದ ಗುಣಮಟ್ಟ. ಹಾಡು 5, ಪ್ರತಿ ಕಳಪೆ ಎಂದಿದ್ದರೆ ಮಾಡಬೇಕಾದ್ದು ಒಳ್ಳೆಯ ಪ್ರತಿ ಹುಡುಕುವುದು, ಹಾಡಿನ ಅಂಕ ಇಳಿಸುವುದಲ್ಲ.

ಕೇಳುವ ಕ್ರಮ

ಬೈಠಕ್ ಶುರುವಾಗುವ ಮುನ್ನ ಎರಡು ಹಾಡು ಕೇಳಿ: ನಿಮಗೆ ಅನುಮಾನವೇ ಇಲ್ಲದ ಒಂದು 5, ಅನುಮಾನವೇ ಇಲ್ಲದ ಒಂದು 3. ಪ್ರತಿ ಸಲವೂ ಅವೇ ಎರಡು. ಇವು ಇಲ್ಲದಿದ್ದರೆ ಮೊದಲು ಬಂದ ಹಾಡಿಗೆ ಹೋಲಿಸಲು ಏನೂ ಇರುವುದಿಲ್ಲ. ಅದಕ್ಕೆ ಸುಮ್ಮನೆ ನಡುವಿನ ಅಂಕ ಬಿದ್ದು, ಮುಂದಿನವೆಲ್ಲ ಅದನ್ನೇ ಹಿಡಿದು ಓಡುತ್ತವೆ.

ಹಾಡಿನ ಹೆಸರು ಕಾಣದ ಹಾಗೆ ಮಾಡಿ. ಫೋನಾದರೆ ಬೋರಲು ಹಾಕಿ, ಕಂಪ್ಯೂಟರಾದರೆ ಪರದೆ ಆರಿಸಿ. ದೊಡ್ಡ ಹೆಸರು ಕಣ್ಣಿಗೆ ಬಿದ್ದರೆ ಅರ್ಧ ಅಂಕ ಆಗಲೇ ಸೇರಿರುತ್ತದೆ. ದನಿ ಕೇಳಿದ ಕೂಡಲೇ ಗುರುತು ಸಿಗುವುದು ಬೇರೆ ಮಾತು, ಅದನ್ನು ತಡೆಯಲಾಗದು. ಆದರೆ ಸಂಗ್ರಹದ ಮೂಲೆಯಲ್ಲಿದ್ದ ಹಾಡುಗಳಿಗೆ ಈ ಮರೆ ನಿಜಕ್ಕೂ ನೆರವಾಗುತ್ತದೆ.

ಪ್ರತಿ ಹಾಡಿಗೂ ಎರಡು ಅಂಕ ಬರೆಯಿರಿ. ಒಂದು ಪಲ್ಲವಿ ಮೊದಲ ಸಲ ಮುಗಿದಾಗ, ಅಂದರೆ ಸುಮಾರು ಒಂದರಿಂದ ಒಂದೂವರೆ ನಿಮಿಷಕ್ಕೆ; ಇನ್ನೊಂದು ಕೊನೆಯ ಸದ್ದು ನಿಂತ ಮೇಲೆ. ನಡುವೆ ಓಡಿಸಬೇಡಿ. ನೋಟ್‌ಬುಕ್ಕಿನ ಒಂದು ಸಾಲು ಹೀಗಿರುತ್ತದೆ:

ಸಂಖ್ಯೆ 14 | ಮೊದಲು 3 | ಕೊನೆಗೆ 4 | ಮುದ್ರಣ ಸುಮಾರು | ‘ಎರಡನೇ ಚರಣಕ್ಕೆ ಮುಂಚಿನ ಕೊಳಲು’

ಪ್ಲೇಯರ್‌ಗೆ ಹೋಗುವುದು ಕೊನೆಯ ಅಂಕ ಮಾತ್ರ. ಆದರೆ ಆ ಎರಡರ ಅಂತರ ಬಹಳ ಹೇಳುತ್ತದೆ. ಮೊದಲು 3, ಕೊನೆಗೆ 4 ಎಂಬ ಹಾಡುಗಳನ್ನೇ ನೀವು ಇಷ್ಟು ವರ್ಷ ಸ್ಕಿಪ್ ಮಾಡುತ್ತ ಬಂದಿರುವುದು. ಮೊದಲು 4, ಕೊನೆಗೆ 3 ಆದವು ಆರಂಭದ ವಾದ್ಯಕ್ಕೆ ಮರುಳಾಗಿ ಇಟ್ಟುಕೊಂಡವು.

ಹಾಡಿನಿಂದ ಹಾಡಿಗೆ ಅರ್ಧ ನಿಮಿಷ ಮೌನ ಬಿಡಿ. ಅಮೋಘವಾದ ಹಾಡಿನ ಬೆನ್ನಿಗೆ ಬಂದದ್ದು ಇರುವುದಕ್ಕಿಂತ ಸಪ್ಪೆಯಾಗಿ ಕೇಳುತ್ತದೆ. ಹಾಗಾಗಿ 5ರ ಮುಂದಿನ ಹಾಡಿಗೆ 2 ಅಥವಾ 1 ಬಿದ್ದಿದ್ದರೆ ಪಕ್ಕದಲ್ಲಿ ಚುಕ್ಕಿ ಇಟ್ಟು ಬೈಠಕ್‌ನ ಕೊನೆಗೆ ಅದನ್ನೊಂದೇ ಮತ್ತೆ ಕೇಳಿ. ಹೊಸದಾಗಿ ತಂದು ಇನ್ನೂ ಒಮ್ಮೆಯೂ ಕೇಳದ ಹಾಡಿಗೂ ಹೀಗೇ ಎರಡನೇ ಅವಕಾಶ ಕೊಡಿ. ಪರಿಚಯವಾದಷ್ಟೂ ಇಷ್ಟವಾಗುವ ಮನಸ್ಸಿನ ಗುಣವನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಜಯೋಂಕ್ 1968ರಲ್ಲೇ ಪ್ರಯೋಗಗಳಿಂದ ತೋರಿಸಿದ್ದಾರೆ. ಮೊದಲ ಕೇಳ್ವಿಕೆಯ 2 ಕೊನೆಯ ಮಾತಲ್ಲ.

ರೇಟಿಂಗ್ ಎಲ್ಲಿ ಉಳಿಯುತ್ತದೆ

ಸಾವಿರ ಹಾಡಿಗೆ ಸ್ಟಾರ್ ಹಾಕಿ, ಕಂಪ್ಯೂಟರ್ ಬದಲಾಯಿಸಿದ ದಿನ ಎಲ್ಲವೂ ಖಾಲಿಯಾಗುವುದು ತೀರ ಸಾಮಾನ್ಯ. ಕಾರಣ ಸರಳ. ಕೆಲವು ಪ್ಲೇಯರ್‌ಗಳು ಅಂಕವನ್ನು ಹಾಡಿನ ಫೈಲಿನೊಳಗೇ ಬರೆಯುತ್ತವೆ, ಕೆಲವು ತಮ್ಮದೇ ಡೇಟಾಬೇಸಿನಲ್ಲಿ ಇಟ್ಟುಕೊಳ್ಳುತ್ತವೆ.

ಐಟ್ಯೂನ್ಸ್ ಮತ್ತು ಆಪಲ್ ಮ್ಯೂಸಿಕ್ ಎರಡನೆಯ ಜಾತಿ. ಅಂಕ ಲೈಬ್ರರಿಯಲ್ಲಿರುತ್ತದೆ, ಒಂದು ಸ್ಟಾರ್‌ಗೆ 20ರಂತೆ 100ರವರೆಗೆ; ಫೈಲ್ ನಕಲಿಸಿದರೆ ಅದು ಜೊತೆಗೆ ಬರುವುದಿಲ್ಲ. ಮ್ಯಾಕ್‌ನಲ್ಲಿ ಸ್ಟಾರ್ ಕಾಣಿಸದಿದ್ದರೆ ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ‘ಸ್ಟಾರ್ ರೇಟಿಂಗ್ಸ್’ ಗುರುತು ಹಾಕಬೇಕು. ಅಲ್ಲಿ ಇನ್ನೊಂದು ತೊಡಕಿದೆ: ಆಲ್ಬಮ್‌ಗೆ ಸ್ಟಾರ್ ಹಾಕಿದರೆ ಅದರ ಹಾಡುಗಳಿಗೆಲ್ಲ ತಾನಾಗಿ ಸ್ಟಾರ್ ಬರುತ್ತದೆ, ಒಳಗೆ ಬಣ್ಣವಿಲ್ಲದ ಬರಿಯ ರೇಖೆಯ ಸ್ಟಾರ್. ಅದು ನೀವು ಹಾಕಿದ್ದಲ್ಲ, ಆದರೂ ‘ರೇಟಿಂಗ್ ಇಲ್ಲದವು’ ಎಂಬ ಪಟ್ಟಿಯಿಂದ ಆ ಹಾಡುಗಳು ತಪ್ಪಿಹೋಗಬಹುದು. ಆಲ್ಬಮ್ ರೇಟಿಂಗ್ ಮುಟ್ಟದಿರುವುದೇ ಕ್ಷೇಮ.

ಫೂಬಾರ್2000ದಲ್ಲಿ ಪ್ಲೇಬ್ಯಾಕ್ ಸ್ಟ್ಯಾಟಿಸ್ಟಿಕ್ಸ್ ಎಂಬ ಜೋಡಣೆ ಹಾಕಿಕೊಂಡರೆ ರೇಟಿಂಗ್ ಸಿಗುತ್ತದೆ. ಅದೂ ಡೇಟಾಬೇಸಿನದೇ, ಹಾಡನ್ನು ಅದು ಗುರುತಿಸುವುದು ಕಲಾವಿದರು, ಆಲ್ಬಮ್, ಹಾಡಿನ ಹೆಸರು ಮುಂತಾದ ಟ್ಯಾಗ್‌ಗಳಿಂದ. ಬೇರೆ ತಂತ್ರಾಂಶದಲ್ಲಿ ಹೆಸರಿನ ಕಾಗುಣಿತ ತಿದ್ದಿದರೆ ಅದಕ್ಕೆ ಇದು ಹೊಸ ಹಾಡು. ಟ್ಯಾಗ್ ಮೊದಲೇ ಸರಿಮಾಡಿ ಎಂದದ್ದು ಇದಕ್ಕೇ. ಅಂಕಗಳನ್ನು ಫೈಲ್ ಟ್ಯಾಗ್‌ಗೆ ಬರೆಯುವ ಆಯ್ಕೆಯೂ ಬಲ ಕ್ಲಿಕ್ಕಿನ ಮೆನುವಿನಲ್ಲಿದೆ, ಪ್ರತಿ ಕಂತು ಮುಗಿದಾಗ ಬಳಸಿ.

ಎಂಪಿ3 ಫೈಲಿನೊಳಗೆ ಬರೆಯುವಾಗ ಅಂಕ ಹೋಗಿ ಕೂರುವುದು ಐಡಿ3 ಟ್ಯಾಗ್‌ನ ‘ಪಿಒಪಿಎಂ’ ಎಂಬ ಖಾನೆಯಲ್ಲಿ. ಅದರಲ್ಲಿ ಮೂರು ವಿಷಯ: ಯಾರು ಬರೆದದ್ದು ಎಂಬ ಗುರುತು, 0ಯಿಂದ 255ರವರೆಗಿನ ಒಂದು ಸಂಖ್ಯೆ, ಎಷ್ಟು ಸಲ ಕೇಳಿದ್ದು ಎಂಬ ಲೆಕ್ಕ. ವಿಂಡೋಸ್ ಒಂದು ಸ್ಟಾರ್‌ಗೆ 1, ಎರಡಕ್ಕೆ 64, ಮೂರಕ್ಕೆ 128, ನಾಲ್ಕಕ್ಕೆ 196, ಐದಕ್ಕೆ 255 ಎಂದು ಬರೆಯುತ್ತದೆ. ಎಲ್ಲ ಪ್ಲೇಯರ್‌ಗಳೂ ಇದೇ ಮೆಟ್ಟಿಲು ಬಳಸುವುದಿಲ್ಲ. ಆದ್ದರಿಂದಲೇ ಒಂದರಲ್ಲಿ ಹಾಕಿದ ಮೂರೂವರೆ ಇನ್ನೊಂದರಲ್ಲಿ ನಾಲ್ಕಾಗಿ ಕಾಣುವುದು. ಬರೆದವರ ಗುರುತು ಬೇರೆ ಬೇರೆಯಾದರೆ ಒಂದೇ ಫೈಲಿನಲ್ಲಿ ಎರಡು ಪಿಒಪಿಎಂ ಇರಬಹುದು. ಒಂದು ಪ್ಲೇಯರ್ 4 ತೋರಿಸಿ ಇನ್ನೊಂದು 2 ತೋರಿಸಿದರೆ ಹುಡುಕಬೇಕಾದದ್ದು ಇದನ್ನೇ; ಎಂಪಿ3ಟ್ಯಾಗ್‌ನ ವಿಸ್ತೃತ ಟ್ಯಾಗ್ ಕಿಟಕಿಯಲ್ಲಿ ನೋಡಿ, ಬೇಡದ್ದನ್ನು ಅಳಿಸಿ. ಎಂಪಿ3ಯಲ್ಲದ ಫ್ಲ್ಯಾಕ್ ಮತ್ತು ಆಗ್ ಮಾದರಿಯ ಫೈಲುಗಳಲ್ಲಿ ಅಂಕಕ್ಕೆ ಒಪ್ಪಿತ ಅಳತೆಯೇ ಇಲ್ಲ. ಒಂದು ಪ್ಲೇಯರ್ 1ರಿಂದ 5 ಬರೆದರೆ ಇನ್ನೊಂದು 100ರವರೆಗೆ ಬರೆಯುತ್ತದೆ. ವೇವ್ ಫೈಲುಗಳಲ್ಲಿ ಟ್ಯಾಗ್ ನೆಚ್ಚಿಕೊಳ್ಳಲೇಬೇಡಿ, ಫ್ಲ್ಯಾಕ್‌ಗೆ ಬದಲಿಸಿಕೊಳ್ಳಿ. ಧ್ವನಿ ಒಂದಿಷ್ಟೂ ಕೆಡುವುದಿಲ್ಲ.

ಹಾಗಾಗಿ ಮೊದಲ ಕಂತಿಗೆ ಮುನ್ನವೇ ಐದು ನಿಮಿಷದ ಪರೀಕ್ಷೆ ಮಾಡಿ. ಒಂದು ಹಾಡಿಗೆ 2 ಸ್ಟಾರ್ ಹಾಕಿ, ಪ್ಲೇಯರ್ ಮುಚ್ಚಿ, ಫೈಲನ್ನು ಬೇರೆ ಫೋಲ್ಡರಿಗೆ ನಕಲಿಸಿ, ಬೇರೊಂದು ಪ್ಲೇಯರ್‌ನಲ್ಲಿ ತೆರೆಯಿರಿ. 2 ಕಂಡರೆ ಅಂಕ ಫೈಲಿನೊಳಗಿದೆ. ಕಾಣದಿದ್ದರೆ ಸೆಟ್ಟಿಂಗ್‌ನಲ್ಲಿ ರೇಟಿಂಗನ್ನು ಫೈಲಿಗೆ ಬರೆಯುವ ಆಯ್ಕೆ ಹುಡುಕಿ. ಫೈಲ್ ‘ಓದಲು ಮಾತ್ರ’ ಎಂದಿದೆಯೇ ಅದನ್ನೂ ನೋಡಿ. ಏನೇ ಆದರೂ ಸ್ಪ್ರೆಡ್‌ಶೀಟ್‌ನ ಪ್ರತಿ ಉಳಿಸಿಕೊಳ್ಳಿ. ಪ್ಲೇಯರ್‌ಗಳು ಬದಲಾಗುತ್ತವೆ, ಆ ಹಾಳೆ ಎಲ್ಲಿ ಬೇಕಾದರೂ ತೆರೆಯುತ್ತದೆ.

ಅಂಕ ನಂಬಬಹುದೇ?

ಎರಡು ವಾರ ಕಳೆದ ಮೇಲೆ ಹಿಂದಿನ ಕಂತಿನ ಐದು ಹಾಡನ್ನು ಚೀಟಿಯಿಂದಲೇ ಆರಿಸಿ ಹೊಸ ಕಂತಿನಲ್ಲಿ ಕಲಸಿ. ಹಳೆಯ ಅಂಕ ನೋಡದೆ ಹೊಸದಾಗಿ ಹಾಕಿ, ಆಮೇಲೆ ಹೋಲಿಸಿ. ಉದಾಹರಣೆಗೆ ಹಳೆಯದು 4, 3, 2, 5, 3. ಹೊಸದು 4, 4, 2, 4, 3. ವ್ಯತ್ಯಾಸ 0, 1, 0, 1, 0, ಸರಾಸರಿ 0.4. ಇಷ್ಟಿದ್ದರೆ ನಿಮ್ಮ ಅಳತೆಗೋಲು ಗಟ್ಟಿ. ಸರಾಸರಿ 1 ಮುಟ್ಟಿದರೆ ಅಂಕ ಹಾಡನ್ನಲ್ಲ, ಆವತ್ತಿನ ಮನಸ್ಥಿತಿಯನ್ನು ಅಳೆಯುತ್ತಿದೆ. ಬೈಠಕ್‌ನ ಹೊತ್ತು ಬದಲಾಯಿತೇ, ಆ ಎರಡು ಅಳತೆಯ ಹಾಡು ಕೇಳುವುದು ಬಿಟ್ಟುಹೋಯಿತೇ ನೋಡಿ.

ಒಂದೇ ಕಂತು ನೋಡಿ ಸಂಗ್ರಹದ ಲೆಕ್ಕ ಹೇಳುವ ಆತುರ ಬೇಡ. 25ರಲ್ಲಿ 5 ಹಾಡಿಗೆ 1 ಅಥವಾ 2 ಬಿದ್ದರೆ ‘ಐದನೇ ಒಂದು ಭಾಗ ಜೊಳ್ಳು’ ಎನ್ನುವಂತಿಲ್ಲ. ನಿಜವಾದ ಪಾಲು ಶೇಕಡಾ 9ರಿಂದ 39ರೊಳಗೆ ಎಲ್ಲಾದರೂ ಇರಬಹುದು. ನಾಲ್ಕು ಕಂತು ಮುಗಿಸಿ 100ರಲ್ಲಿ 20 ಎಂದಾದರೆ ಆ ಹರವು 13ರಿಂದ 29ಕ್ಕೆ ಇಳಿಯುತ್ತದೆ. ಏಳೂವರೆ ಗಂಟೆಯ ಕೇಳ್ವಿಕೆಗೆ ಅದು ಒಳ್ಳೆಯ ಫಲ.

ಐದು ಸ್ಟಾರ್‌ಗಳೊಳಗಿನ ಸಾಲು

ಕೆಲವು ಕಂತುಗಳಾದ ಮೇಲೆ 5 ಪಡೆದವು ಮೂವತ್ತರಷ್ಟಾಗುತ್ತವೆ. ಅವುಗಳಲ್ಲಿ ಯಾವುದು ಮೇಲು ಎಂದು ಅಂಕದಿಂದ ಹೇಳಲಾಗದು, ಎರಡೆರಡನ್ನು ಎದುರಿಟ್ಟು ಕೇಳಬೇಕು. ಹೊಸ 5 ಬಂದಾಗ ಸಾಲಿನ ನಟ್ಟನಡುವಿನ ಹಾಡಿನೊಂದಿಗೆ ಹೋಲಿಸಿ. ಅದಕ್ಕಿಂತ ಮೇಲೆನಿಸಿದರೆ ಮೇಲಿನ ಅರ್ಧದ ನಡು, ಕೆಳಗಾದರೆ ಕೆಳಗಿನ ಅರ್ಧದ ನಡು. ಮೂವತ್ತರ ಸಾಲಿನಲ್ಲಿ ಹೆಚ್ಚೆಂದರೆ ಐದು ಹೋಲಿಕೆಯಲ್ಲಿ ಜಾಗ ಸಿಗುತ್ತದೆ. ಪ್ರತಿಯೊಂದನ್ನೂ ಪ್ರತಿಯೊಂದರ ಎದುರು ನಿಲ್ಲಿಸುತ್ತೇನೆಂದು ಹೊರಟರೆ 25 ಹಾಡಿಗೇ 300 ಹೋಲಿಕೆ ಬೇಕು.

ಚದುರಂಗದ ಆಟಗಾರರಿಗೆ ಅರ್ಪಾಡ್ ಎಲೊ ರೂಪಿಸಿದ ಲೆಕ್ಕವನ್ನೂ ಬಳಸಬಹುದು. ಅಂತಾರಾಷ್ಟ್ರೀಯ ಚದುರಂಗ ಒಕ್ಕೂಟ ಫಿಡೆ ಅದನ್ನು 1970ರಲ್ಲಿ ಒಪ್ಪಿಕೊಂಡಿತು. ಎಲ್ಲ ಹಾಡೂ 1500ರಿಂದ ಶುರು. ಸಮಬಲದ ಎರಡರಲ್ಲಿ ಗೆದ್ದದ್ದು 1516, ಸೋತದ್ದು 1484. 1600ರ ಹಾಡು 1400ರದ್ದನ್ನು ಗೆದ್ದರೆ ಸಿಗುವುದು 8 ಮಾತ್ರ. 1400ರದ್ದೇ ಗೆದ್ದರೆ ಅದಕ್ಕೆ 24. ಅನಿರೀಕ್ಷಿತ ಗೆಲುವಿಗೆ ಬೆಲೆ ಹೆಚ್ಚು. ಸ್ಪ್ರೆಡ್‌ಶೀಟ್ ಚೆನ್ನಾಗಿ ಬಲ್ಲವರಿಗೆ ಇದು ಹಿಡಿಸುತ್ತದೆ. ಉಳಿದವರಿಗೆ ಮೇಲಿನ ಅರ್ಧರ್ಧದ ಹುಡುಕಾಟವೇ ಸಾಕು.

ಒಂದು ಹಾಡು ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಮೂರನೆಯದು ಮತ್ತೆ ಮೊದಲಿನದನ್ನು ಸೋಲಿಸುವುದುಂಟು. ಒಂದನ್ನು ದನಿಗಾಗಿ, ಇನ್ನೊಂದನ್ನು ತಾಳಕ್ಕಾಗಿ ಮೆಚ್ಚಿದ್ದೀರಿ ಅಷ್ಟೇ. ಮೂರನ್ನೂ ಒಂದೇ ಸ್ಥಾನದಲ್ಲಿ ಬಿಡಿ.

1 ಮತ್ತು 2 ಬಿದ್ದವುಗಳ ಗತಿ

ಆವತ್ತೇ ಅಳಿಸಬೇಡಿ. ‘ಮರುವಿಚಾರಣೆ’ ಎಂಬ ಪ್ಲೇಲಿಸ್ಟ್‌ಗೆ ಸರಿಸಿ, ಮೂರು ತಿಂಗಳ ಬಳಿಕ ಚೀಟಿಯಲ್ಲಿ ಮತ್ತೊಮ್ಮೆ ಬರಲಿ. ಎರಡನೇ ಸಲವೂ 1 ಬಿದ್ದರೆ ಫೋನಿನಿಂದ ತೆಗೆಯಿರಿ, ಬ್ಯಾಕಪ್ ಡಿಸ್ಕಿನಲ್ಲಿ ಬೇಕಿದ್ದರೆ ಇರಲಿ. ಎರಡನೇ ಸಲ 3 ಬಂದ ಹಾಡಿಗೆ 3ನ್ನೇ ಉಳಿಸಿ, ಸರಾಸರಿ ಮಾಡಿ 2 ಎನ್ನಬೇಡಿ. ಮೊದಲ ಸಲ ಅದು ಯಾವುದರ ಬೆನ್ನಿಗೆ ಬಂದಿತ್ತೋ ನೋಟ್‌ಬುಕ್ಕಿನಲ್ಲಿ ನೋಡಿದರೆ ಕಾರಣ ಅನೇಕ ಸಲ ಅಲ್ಲೇ ಇರುತ್ತದೆ. ಅಳಿಸುವ ಮುನ್ನ ಕೊನೆಯದಾಗಿ ಆ ಹಾಡು ನಿಮ್ಮಲ್ಲಿ ಮಾತ್ರ ಉಳಿದ ಧ್ವನಿಮುದ್ರಣವೇ ಎಂದು ಪರೀಕ್ಷಿಸಿ. ಮನೆಯ ಹಿರಿಯರು ಹಾಡಿದ ಕ್ಯಾಸೆಟ್‌ನಿಂದ ಇಳಿಸಿದ್ದು, ಶಾಲೆಯ ಸಮಾರಂಭದ್ದು, ಮರುಮುದ್ರಣವೇ ಆಗದ ಹಳೆಯ ಗ್ರಾಮಫೋನ್ ತಟ್ಟೆಯದ್ದು ಇಂಥವನ್ನು ಚೀಟಿಯ ಪಟ್ಟಿಯಿಂದಲೇ ಹೊರಗಿಟ್ಟು, ಬೇರೆ ಫೋಲ್ಡರಿನಲ್ಲಿ ಎರಡು ಪ್ರತಿ ಮಾಡಿಡಿ. ಅವಕ್ಕೆ ಸ್ಟಾರ್ ಹಾಕುವ ಅಗತ್ಯವೇ ಇಲ್ಲ.